ಕಂಪ್ಯೂಟರ್ ನಾಲ್ಕು, ಕಾಯುವವರು ನಲವತ್ತು

ಎಸ್‌ಎಸ್‌ಸಿ ಸಿಜಿಎಲ್ ಮೊದಲ ಹಂತದ ಪರೀಕ್ಷೆಯಲ್ಲಿ 100 ಪ್ರಶ್ನೆ, 60 ನಿಮಿಷ. ರೈಲ್ವೆ ಎನ್‌ಟಿಪಿಸಿ ಮೊದಲ ಪರೀಕ್ಷೆಯಲ್ಲಿ 100 ಪ್ರಶ್ನೆ, 90 ನಿಮಿಷ. ಬ್ಯಾಂಕ್ ಪಿಒ ಪೂರ್ವಭಾವಿ ಪರೀಕ್ಷೆಯೂ 60 ನಿಮಿಷದ್ದೇ. ಎಲ್ಲವನ್ನೂ ಕಂಪ್ಯೂಟರ್ ಮುಂದೆ ಕೂತೇ ಬರೆಯಬೇಕು. ಈಗ ಗ್ರಂಥಾಲಯದ ಗೋಡೆಗೆ ಅಂಟಿಸಿದ ಚೀಟಿ ಓದಿ: ‘ಒಬ್ಬರಿಗೆ ಅರ್ಧ ಗಂಟೆ ಮಾತ್ರ’. ಅಂದರೆ ಇಡೀ ದಿನ ಕಾದು ಕುರ್ಚಿ ಸಿಕ್ಕರೂ ಒಂದು ಮಾದರಿ ಪರೀಕ್ಷೆಯನ್ನು ಪೂರ್ತಿ ಬರೆಯಲು ಆಗುವುದಿಲ್ಲ.

ಯಾದಗಿರಿ, ಶಹಾಪುರ, ಸುರಪುರ ಮೂರೂ ಊರುಗಳಲ್ಲಿ ನೌಕರಿಗಾಗಿ ಓದುವ ನಮ್ಮಂಥವರು ಬಹಳ. ಕೆಲವರು ರೂಮು ಮಾಡಿಕೊಂಡಿದ್ದಾರೆ. ಉಳಿದವರು ದಿನಾ ಬಸ್ಸು ಹತ್ತಿ ಬರುತ್ತಾರೆ. ಸಗರ, ದೋರನಹಳ್ಳಿಯವರು ಶಹಾಪುರಕ್ಕೆ, ಕೆಂಭಾವಿ, ಕಕ್ಕೇರಾ ಕಡೆಯವರು ಸುರಪುರಕ್ಕೆ. ಮನೆಯಲ್ಲಿ ಲ್ಯಾಪ್‌ಟಾಪ್ ಇದ್ದವರನ್ನು ಬೆರಳ ಮೇಲೆ ಎಣಿಸಬಹುದು. ‘ಮೊಬೈಲ್‌ನಾಗ ಬರೀರಲ್ಲ’ ಎನ್ನುವವರಿದ್ದಾರೆ. ಅಂಗೈಯಗಲದ ಪರದೆಯಲ್ಲಿ ಬೆರಳಾಡಿಸುವುದೇ ಬೇರೆ, ಗಡಿಯಾರ ಓಡುತ್ತಿರುವಾಗ ಮೌಸ್ ಹಿಡಿದು ನೂರು ಪ್ರಶ್ನೆ ದಾಟುವುದೇ ಬೇರೆ. ಪರೀಕ್ಷಾ ಕೇಂದ್ರದಲ್ಲೇ ಮೊದಲ ಸಲ ಮೌಸ್ ಹಿಡಿದವರ ಕಷ್ಟ ಅವರಿಗೇ ಗೊತ್ತು.

ನಮ್ಮ ಜಿಲ್ಲೆಯ ಒಂದು ಗ್ರಂಥಾಲಯದಲ್ಲಿ ಸಾರ್ವಜನಿಕರಿಗೆಂದು ನಾಲ್ಕು ಕಂಪ್ಯೂಟರ್ ಇವೆ. ಅಲ್ಲಿನ ಮೇಲ್ವಿಚಾರಕರು ಒಂದು ದಿನ ನನ್ನನ್ನೂ ನನ್ನ ಗೆಳೆಯನನ್ನೂ ಕರೆದರು. ‘ನೀವು ಬಿಸಿಎ ಓದೀರಿ. ಟೈಮ್ ನೋಡಿಕೊಳ್ಳೋದು ಒಂದು ಸಾಫ್ಟ್‌ವೇರ್ ಹುಡುಕಿ ಕೊಡ್ರಿ ತಮ್ಮಾ. ದಿನಾ ಜಗಳ ಬಿಡಿಸಿ ಸಾಕಾಗ್ಯದ’ ಅಂದರು.

ಅವರ ಮಾತು ನಿಜ. ಅಲ್ಲಿದ್ದದ್ದು ಒಂದು ರಿಜಿಸ್ಟರ್: ಹೆಸರು, ಫೋನ್ ನಂಬರ್, ಬಂದ ಹೊತ್ತು, ಹೋದ ಹೊತ್ತು. ಹೊತ್ತಾದ ಮೇಲೂ ಏಳದವರನ್ನು ಎಬ್ಬಿಸುವ ಕೆಲಸ ಮೇಲ್ವಿಚಾರಕರದು. ಪರಿಚಯದವರಿಗೆ ‘ಇನ್ನ ಐದು ನಿಮಿಷ’ ಎಂದು ಬಿಟ್ಟರೆ ಕಾಯುವವರಿಗೆ ಸಿಟ್ಟು. ಬಿಡದಿದ್ದರೆ ಕೂತವರಿಗೆ ಸಿಟ್ಟು. ಯಂತ್ರವೇ ‘ಸಮಯ ಮುಗಿಯಿತು’ ಎಂದರೆ ಯಾರ ಮೇಲೂ ಯಾರೂ ಮುನಿಸಿಕೊಳ್ಳುವುದಿಲ್ಲ ಎಂಬುದು ಅವರ ಆಸೆ.

ಹುಡುಕಿದಾಗ ಕಂಡದ್ದು ಮೂರು ಬಗೆ. ಮೊದಲನೆಯದು ಸೈಬರ್ ಕೆಫೆಯ ತಂತ್ರಾಂಶ. ಅದರ ಕೆಲಸ ನಿಮಿಷ ಎಣಿಸಿ ರೂಪಾಯಿ ಮಾಡುವುದು. ದುಡ್ಡು ಕೊಟ್ಟಷ್ಟು ಹೊತ್ತು ಕೂರಿಸುವುದು ಅಂಗಡಿಯ ಲೆಕ್ಕ. ಇರುವ ಹೊತ್ತನ್ನು ಎಲ್ಲರಿಗೂ ಹಂಚುವುದು ಗ್ರಂಥಾಲಯದ ಲೆಕ್ಕ. ಎರಡೂ ಒಂದೇ ಅಲ್ಲ. ಎರಡನೆಯದು ಗ್ರಂಥಾಲಯಕ್ಕೆಂದೇ ಮಾಡಿದ, ಹಣ ಕೊಟ್ಟು ಕೊಳ್ಳುವ ತಂತ್ರಾಂಶ. ಅದಕ್ಕೆ ಟಿಪ್ಪಣಿ, ಮಂಜೂರಾತಿ ಎಂದು ಕಡತ ಓಡಾಡಬೇಕು. ಮೂರನೆಯದು ಮುಕ್ತ ತಂತ್ರಾಂಶ. ಅದರಲ್ಲಿ ನಮ್ಮ ಕಣ್ಣಿಗೆ ಬಿದ್ದದ್ದು ‘ಲಿಬ್ಕಿ’.

ಎನ್‌ಐಸಿಯ ‘ಇ–ಗ್ರಂಥಾಲಯ’ ಇದೆಯಲ್ಲ ಎಂದು ನೀವು ಕೇಳಬಹುದು. ಅದು ಪುಸ್ತಕಗಳ ಪಟ್ಟಿ, ಕೊಟ್ಟದ್ದು, ಮರಳಿ ಬಂದದ್ದು, ಸದಸ್ಯರ ವಿವರ ನೋಡಿಕೊಳ್ಳಲು ಇರುವಂಥದ್ದು. ನ್ಯೂಜಿಲೆಂಡ್‌ನಲ್ಲಿ ಹುಟ್ಟಿದ ‘ಕೋಹಾ’ದ ಕೆಲಸವೂ ಅದೇ. ಕುರ್ಚಿಯಲ್ಲಿ ಕೂತವರ ಹೊತ್ತು ಎಣಿಸುವುದು ಬೇರೆ ಕೆಲಸ. ಕೋಹಾ ಇರುವ ಗ್ರಂಥಾಲಯದಲ್ಲಿ ಲಿಬ್ಕಿಯನ್ನು ಅದಕ್ಕೆ ಜೋಡಿಸಬಹುದು. ಆಗ ಗ್ರಂಥಾಲಯದ ಕಾರ್ಡಿನ ಸಂಖ್ಯೆಯೇ ಕಂಪ್ಯೂಟರಿಗೂ ಕೀಲಿ.

ಲಿಬ್ಕಿ ಕೆಲಸ ಮಾಡುವ ರೀತಿ ಸರಳ. ಒಂದು ಕಂಪ್ಯೂಟರ್‌ನಲ್ಲಿ ಲಿನಕ್ಸ್ ಹಾಕಿ ಅದನ್ನು ಸರ್ವರ್ ಮಾಡಬೇಕು. ಉಳಿದವು ವಿಂಡೋಸ್ ಆಗಲಿ ಲಿನಕ್ಸ್ ಆಗಲಿ, ಅದರ ಮಾತು ಕೇಳುತ್ತವೆ. ಯಾರಿಗೆ ದಿನಕ್ಕೆ ಎಷ್ಟು ನಿಮಿಷ, ಒಮ್ಮೆ ಕೂತರೆ ಎಷ್ಟು ನಿಮಿಷ ಎಂದು ಮೇಲ್ವಿಚಾರಕರು ಮೊದಲೇ ಬರೆದಿಡಬಹುದು. ತಮ್ಮ ಮೇಜಿನಿಂದಲೇ ಒಬ್ಬರಿಗೆ ಹತ್ತು ನಿಮಿಷ ಕೂಡಿಸಬಹುದು. ಕಾರ್ಡ್ ಇಲ್ಲದವರಿಗೆ ಅತಿಥಿ ಪಾಸ್ ಕೊಡಬಹುದು. ಮುಂಗಡ ಕಾಯ್ದಿರಿಸಿದವರು ಯಾರೂ ಇಲ್ಲದಿದ್ದರೆ ಕೂತವರ ಸಮಯ ತಾನಾಗಿ ಮುಂದುವರಿಯುವಂತೆಯೂ ಮಾಡಬಹುದು. ಈ ಕೊನೆಯದು ನಮಗೆ ಬಹಳ ಹಿಡಿಸಿತು. ಪಕ್ಕದ ಮೂರು ಕುರ್ಚಿ ಖಾಲಿ ಇದ್ದಾಗಲೂ ಅರ್ಧ ಗಂಟೆಗೆ ಎಬ್ಬಿಸುವ ನಿಯಮ ಯಾರ ಉಪಯೋಗಕ್ಕೂ ಬರುವುದಿಲ್ಲ.

ಅಷ್ಟರಲ್ಲಿ ಗೆಳೆಯ ಒಂದು ಪ್ರಶ್ನೆ ಎತ್ತಿದ. ‘ಎಷ್ಟು ನಿಮಿಷ ಅಂತ ಅದು ನಮ್ಮನ್ನ ಕೇಳ್ತದ. ನಾವು ಏನಂತ ಹೇಳ್ಬೇಕು?’ ತಂತ್ರಾಂಶ ಎಣಿಸಿ ಕೊಡುತ್ತದೆ, ನ್ಯಾಯ ತೀರ್ಮಾನ ನಮ್ಮ ಕೈಯಲ್ಲೇ ಉಳಿಯುತ್ತದೆ. ಹೀಗಾಗಿ ಕಂಪ್ಯೂಟರ್ ಬದಿಗಿಟ್ಟು ಕಾಗದ, ಪೆನ್ನು ಹಿಡಿದು ಕೂತೆವು.

ದಿನಕ್ಕೆ 8 ಗಂಟೆ ಬಾಗಿಲು ತೆರೆದಿದ್ದರೆ, ನಾಲ್ಕು ಕಂಪ್ಯೂಟರ್‌ಗೆ ಅರ್ಧ ಗಂಟೆಯಂತೆ 64 ಸರದಿ ಸಿಗುತ್ತವೆ. ಕೇಳಲು ಚೆನ್ನ. ಆದರೆ ಒಬ್ಬರಿಗೂ ಪೂರ್ತಿ ಮಾದರಿ ಪರೀಕ್ಷೆ ಇಲ್ಲ. ಎಲ್ಲರಿಗೂ ಒಂದೂವರೆ ಗಂಟೆ ಎಂದರೆ ಬರೀ 20 ಸರದಿ. ಆಗ ಪ್ರವೇಶಪತ್ರ ಇಳಿಸಿಕೊಳ್ಳಲು ಬಂದವರೂ ಸಂಜೆಯವರೆಗೆ ಕಾಯಬೇಕು. ನಾವು ಎರಡು ಕಂಪ್ಯೂಟರನ್ನು 20 ನಿಮಿಷದ ಕೆಲಸಕ್ಕೆ, ಎರಡನ್ನು 90 ನಿಮಿಷದ ಕೆಲಸಕ್ಕೆ ಇಟ್ಟು ನೋಡಿದೆವು. ಮೊದಲ ಜೋಡಿಯಲ್ಲಿ 48, ಎರಡನೆಯದರಲ್ಲಿ 10, ಒಟ್ಟು 58. ಹಳೆಯದಕ್ಕಿಂತ ಆರು ಸರದಿ ಕಡಿಮೆ, ನಿಜ. ಆದರೆ ದಿನಕ್ಕೆ ಹತ್ತು ಜನ ಪೂರ್ತಿ ಪರೀಕ್ಷೆ ಬರೆದು ಏಳುತ್ತಾರೆ. ಅರ್ಜಿ ಹಾಕಲು ಕೊನೆಯ ದಿನವೋ, ಫಲಿತಾಂಶದ ದಿನವೋ ಬಂದರೆ ನಾಲ್ಕನ್ನೂ 20 ನಿಮಿಷಕ್ಕೆ ಇಳಿಸಬಹುದು.

ಅರ್ಜಿ ತುಂಬುವವರ ವಿಷಯದಲ್ಲಿ ಇನ್ನೊಂದು ಮಾತಿದೆ. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಸಾಕ್ಷರತೆ ಶೇ 51.83, ರಾಜ್ಯದಲ್ಲೇ ಕಡೆಯದು. ಇಲ್ಲಿ ಕೀಬೋರ್ಡ್ ಮುಟ್ಟಿದ ಮನೆಯ ಮೊದಲ ವ್ಯಕ್ತಿ ತಾನೇ ಎನ್ನುವವರು ತುಂಬಾ. ಪಟಪಟನೆ ಟೈಪ್ ಮಾಡುವವರಿಗೆ 20 ನಿಮಿಷ ಧಾರಾಳ. ಒಂದೊಂದೇ ಅಕ್ಷರ ಹುಡುಕುವವರಿಗೆ ಅಷ್ಟರಲ್ಲಿ ತಂದೆಯ ಹೆಸರು, ವಿಳಾಸ ಮುಗಿದಿದ್ದರೆ ಹೆಚ್ಚು. ಶುಲ್ಕ ಕಟ್ಟುವ ಪುಟದಲ್ಲಿ ಪರದೆ ಮುಚ್ಚಿಕೊಂಡರೆ ಹಣ ಹೋಯಿತೋ, ಅರ್ಜಿ ಹೋಯಿತೋ ತಿಳಿಯುವುದಿಲ್ಲ. ಆದ್ದರಿಂದ ಸಮಯ ಮುಗಿಯುವ ಮೊದಲು ಎಚ್ಚರಿಕೆ ಬರಲೇಬೇಕು. ಕೈ ಎತ್ತಿ ಕೇಳಿದರೆ ಹತ್ತು ನಿಮಿಷ ಕೂಡಿಸುವ ಅಧಿಕಾರವೂ ಮೇಜಿನ ಮೇಲಿರಬೇಕು.

ಇನ್ನು ‘ಮೊದಲು ಬಂದವರಿಗೆ ಮೊದಲು’ ಎಂಬ ನಿಯಮ. ಯಾರೂ ತಕರಾರು ಮಾಡದ ನಿಯಮ ಇದು. ಆದರೆ ಬಾಗಿಲು ತೆಗೆಯುವ ಹೊತ್ತಿಗೆ ಅಲ್ಲಿ ನಿಂತಿರುವವರು ಊರೊಳಗೆ ರೂಮು ಮಾಡಿಕೊಂಡ ಹುಡುಗರು. ಯಾದಗಿರಿಗೆ ರೈಲಾದರೂ ಇದೆ, ಶಹಾಪುರ, ಸುರಪುರಕ್ಕೆ ಬಸ್ಸೇ ಗತಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹಳ್ಳಿಯ ಹೆಣ್ಣುಮಕ್ಕಳು ಟಿಕೆಟ್ ಖರ್ಚಿಲ್ಲದೆ ಬರಬಹುದು. ಮನೆಗೆಲಸ ಮುಗಿಸಿ, ಬಸ್ಸು ಹಿಡಿದು ಅವರು ಬಂದು ಸೇರುವಷ್ಟರಲ್ಲಿ ನಾಲ್ಕೂ ಕುರ್ಚಿ ಭರ್ತಿ. ಸಂಜೆ ಬಸ್ಸು ತಪ್ಪುವ ಮೊದಲು ಹೊರಡಬೇಕು. ಅವರಿಗೆ ಬೇಕಾದದ್ದು ಹಿಂದಿನ ದಿನವೇ ಕಾಯ್ದಿರಿಸುವ ಅನುಕೂಲ. ಲಿಬ್ಕಿಯಲ್ಲಿ ಕಾಯ್ದಿರಿಸಬಹುದು. ಬಸ್ಸು ತಡವಾದರೆ 15 ನಿಮಿಷ ಕಾಯಬೇಕು ಎಂದು ನಾವು ನಿಯಮದಲ್ಲಿ ಸೇರಿಸಿದೆವು.

ನಮ್ಮ ಚಿಕ್ಕಪ್ಪನ ಮಗಳು ಗ್ರಂಥಾಲಯದ ಕಂಪ್ಯೂಟರ್ ಬಿಟ್ಟದ್ದಕ್ಕೆ ಕಾರಣ ಬೇರೆ. ಮೇಜಿನ ಮೇಲೆ ತೆರೆದಿಟ್ಟ ರಿಜಿಸ್ಟರ್‌ನಲ್ಲಿ ಫೋನ್ ನಂಬರ್ ಬರೆದು ಬಂದ ಸಂಜೆಯಿಂದಲೇ ಗುರುತಿಲ್ಲದ ನಂಬರ್‌ಗಳಿಂದ ಕರೆ ಶುರುವಾದವು. ಮನೆಯಲ್ಲಿ ಗೊತ್ತಾದರೆ ಓದೇ ನಿಲ್ಲುತ್ತದೆಂದು ಆಕೆ ಬಾಯಿ ಬಿಡಲಿಲ್ಲ. ‘ಅಲ್ಲಿ ಬ್ಯಾಡಣ್ಣಾ’ ಎಂದಷ್ಟೇ ಹೇಳಿ, ದುಡ್ಡು ಕೊಟ್ಟು ಅಂಗಡಿಗೆ ಹೋದಳು. ಸೈಬರ್ ಕೆಫೆಗಳು ಬಳಸಿದವರ ಗುರುತು, ದಾಖಲೆಯನ್ನು ಕನಿಷ್ಠ ಒಂದು ವರ್ಷ ಇಟ್ಟುಕೊಳ್ಳಬೇಕೆಂದು 2011ರ ಕೇಂದ್ರದ ನಿಯಮ ಹೇಳುತ್ತದೆ. ಯಾವ ಕಂಪ್ಯೂಟರ್‌ನಲ್ಲಿ ಯಾರು ಯಾವಾಗ ಕೂತರು ಎಂಬ ದಾಖಲೆ ಗ್ರಂಥಾಲಯಕ್ಕೂ ಇರಲಿ. ಆದರೆ ಬಂದವರೆಲ್ಲ ಓದುವಂತೆ ಅದನ್ನು ತೆರೆದಿಡಬೇಕಿಲ್ಲ. ಕಾರ್ಡ್ ಸಂಖ್ಯೆಯಿಂದ ಒಳಹೊಕ್ಕರೆ ಹೆಸರು, ನಂಬರ್ ಪರರ ಕಣ್ಣಿಗೆ ಬೀಳುವುದಿಲ್ಲ. ವೈಯಕ್ತಿಕ ದತ್ತಾಂಶ ರಕ್ಷಣೆಗೆ 2023ರಲ್ಲಿ ಕಾಯ್ದೆಯೇ ಬಂದಿದೆ.

ಇದೇ ಮಾತು ಡೌನ್‌ಲೋಡ್ ಫೋಲ್ಡರಿಗೂ ಅನ್ವಯ. ನಾವು ತೆರೆದು ನೋಡಿದಾಗ ಯಾರ್‍ಯಾರದೋ ಆಧಾರ್, ಅಂಕಪಟ್ಟಿ, ಜಾತಿ ಪ್ರಮಾಣಪತ್ರ ಅಲ್ಲಿದ್ದವು. ಹೊತ್ತು ಎಣಿಸುವ ತಂತ್ರಾಂಶ ಇದನ್ನು ಅಳಿಸುತ್ತದೆಂದು ನಂಬಿ ಕೂರುವಂತಿಲ್ಲ. ಒಬ್ಬರು ಎದ್ದ ಕೂಡಲೇ ಕಂಪ್ಯೂಟರ್ ಮೊದಲಿನ ಸ್ಥಿತಿಗೆ ಮರಳುವಂತೆ ಬೇರೆ ಏರ್ಪಾಡು ಬೇಕು. ಅದಿಲ್ಲದೆ ಯಾವ ತಂತ್ರಾಂಶ ಕೊಂಡರೂ ಅರ್ಧ ಕೆಲಸವೇ.

ಕರೆಂಟಿನ ಮಾತು ಬಿಡುವಂತಿಲ್ಲ. 90 ನಿಮಿಷದವರಿಗೆ ನಲವತ್ತನೇ ನಿಮಿಷಕ್ಕೆ ಕರೆಂಟು ಹೋದರೆ ಉಳಿದ ಐವತ್ತು ಯಾರ ಲೆಕ್ಕಕ್ಕೆ? ಲಿಬ್ಕಿಯಲ್ಲಿ ನಿಮಿಷದ ಲೆಕ್ಕ ಇರುವುದು ಸರ್ವರ್‌ನಲ್ಲಿ. ಹೀಗಾಗಿ ಕೂತ ಕಂಪ್ಯೂಟರ್ ಆರಿದರೂ ಉಳಿದ ಸಮಯ ಅವರ ಖಾತೆಯಲ್ಲಿ ಇರುತ್ತದೆ. ನಾಲ್ಕಕ್ಕೂ ಯುಪಿಎಸ್ ಕೊಡಲಾಗದಿದ್ದರೆ ಸರ್ವರ್ ಒಂದಕ್ಕಾದರೂ ಕೊಡಬೇಕು.

ಲಿಬ್ಕಿಗೆ ದುಡ್ಡು ಬೇಡ, ಆದರೆ ಜನ ಬೇಕು. ನಮಗೆ ನೌಕರಿ ಸಿಕ್ಕು ಊರು ಬಿಟ್ಟರೆ ಲಿನಕ್ಸ್ ನೋಡಿಕೊಳ್ಳುವವರು ಯಾರು? ಮೇಲ್ವಿಚಾರಕರು ಕೇಳಿದ ಮೊದಲ ಪ್ರಶ್ನೆಯೇ ಅದು. ಸರ್ವರ್ ನಿಂತರೆ ಏನು ಮಾಡಬೇಕು, ಪಾಸ್‌ವರ್ಡ್ ಯಾರ ಬಳಿ ಇರಬೇಕು ಎಂದು ಕನ್ನಡದಲ್ಲಿ ಒಂದು ಪುಟ ಬರೆದುಕೊಟ್ಟೆವು. ಅದನ್ನು ನೋಡಿ ಅವರೇ ಎರಡು ಸಲ ಸರ್ವರ್ ನಿಲ್ಲಿಸಿ, ಮತ್ತೆ ಶುರು ಮಾಡಿದ ಮೇಲಷ್ಟೇ ಒಪ್ಪಿಕೊಂಡರು. ಸದ್ಯ ಎರಡು ಕಂಪ್ಯೂಟರ್‌ನಲ್ಲಿ ಪರೀಕ್ಷೆಗೆಂದು ಓಡುತ್ತಿದೆ. ಉಳಿದೆರಡು ರಿಜಿಸ್ಟರ್‌ನಲ್ಲೇ ಇವೆ, ಫೋನ್ ನಂಬರ್ ಕಾಲಂ ಮಾತ್ರ ತೆಗೆದಿದ್ದಾರೆ. ಚಿಕ್ಕಪ್ಪನ ಮಗಳು ಇನ್ನೂ ಬಂದಿಲ್ಲ. ಕಾರ್ಡ್ ಮಾಡಿಸಲು ಬೇಕಾದ ಅರ್ಜಿಯನ್ನು ನನ್ನ ಕೈಯಲ್ಲಿ ತರಿಸಿಕೊಂಡಿದ್ದಾಳೆ.

ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿ, ಈಗ ಅರಿವು ಕೇಂದ್ರಗಳಾಗಿವೆ. ಅಲ್ಲಿಗೂ ಕಂಪ್ಯೂಟರ್ ಬರುತ್ತಿವೆ. ಒಂದೋ ಎರಡೋ ಕಂಪ್ಯೂಟರ್ ಇರುವ ಕಡೆ ಯಾವ ತಂತ್ರಾಂಶವೂ ಬೇಡ. ಗೋಡೆಗೊಂದು ಬೋರ್ಡು, ಗಂಟೆಗಳ ಗೆರೆ, ಕಾರ್ಡ್ ಸಂಖ್ಯೆ ಬರೆಯಲು ಸೀಮೆಸುಣ್ಣ ಸಾಕು. ನಾಲ್ಕು ದಾಟಿದರೆ ತಂತ್ರಾಂಶ ನೋಡಬಹುದು. ಯಾವುದೇ ಆದರೂ ಆರಿಸುವ ಮೊದಲು ಇಷ್ಟು ಕೇಳಿ: ಒಂದು ಪರೀಕ್ಷೆ ಪೂರ್ತಿ ಬರೆಯಲು ಆಗುತ್ತದೆಯೇ? ಹನ್ನೊಂದು ಗಂಟೆಯ ಬಸ್ಸಿಗೆ ಬಂದವರಿಗೆ ಕುರ್ಚಿ ಸಿಗುತ್ತದೆಯೇ? ಎದ್ದು ಹೋದವರ ಕಾಗದಪತ್ರ ಅಳಿಯುತ್ತವೆಯೇ?

ಕೇಳಲು ಸಂಕೋಚ ಬೇಡ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ಆಸ್ತಿ ತೆರಿಗೆಯ ಜೊತೆಗೆ ಅದರ ಶೇ 6ರಷ್ಟು ಗ್ರಂಥಾಲಯ ಕರವನ್ನು ನಮ್ಮ ಅಪ್ಪ–ಅಮ್ಮಂದಿರು ಕಟ್ಟುತ್ತಲೇ ಇದ್ದಾರೆ. ಮನೆಯಲ್ಲಿರುವ ತೆರಿಗೆ ರಸೀದಿ ತೆಗೆದು ನೋಡಿ.