ಬಣ್ಣದ ಕೆಳಗಿನ ತುಕ್ಕು

ನಮ್ಮ ಮನೆಯಲ್ಲಿ ಎಪ್ಪತ್ತೆಂಟು ವರ್ಷದ ತಾಯಿಯವರಿದ್ದಾರೆ. ಸೊಂಟದ ಮೂಳೆ ಮುರಿದು ಕೂಡಿಕೊಂಡ ತರುವಾಯ ಅವರು ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಕುಳಿತಿರಲಾರರು. ಮಲಗಿಕೊಂಡರೆ ಮಾತ್ರ ಎಷ್ಟು ದೂರದ ಪ್ರಯಾಣವನ್ನಾದರೂ ಸಹಿಸಬಲ್ಲರು. ಕೊಲ್ಲೂರಿಗೆ ಹೊತ್ತ ಹರಕೆಯೊಂದು ಬಹು ಕಾಲದಿಂದ ತೀರದೆ ಉಳಿದಿತ್ತು. ಬಸ್ಸಿನಲ್ಲಾಗಲಿ ಬಾಡಿಗೆ ಕಾರಿನಲ್ಲಾಗಲಿ ಅವರನ್ನು ಭಾರತೀನಗರದಿಂದ ಘಟ್ಟದ ಕೆಳಗಿನವರೆಗೆ ಕರೆದೊಯ್ಯುವುದು ಆಗದ ಮಾತು. ಹೀಗಿರುವಲ್ಲಿ ಒಳಗೇ ಮಂಚ, ಒಲೆ, ನೀರಿನ ತೊಟ್ಟಿ ಇರುವ ಗಾಡಿಯೊಂದು ದೊರೆತರೆ ಸಾಕೆಂದು ನಾವು ಹುಡುಕತೊಡಗಿದೆವು. ಇಂಥ ಗಾಡಿಗೆ ಕ್ಯಾರವಾನ್ ಎನ್ನುತ್ತಾರೆ; ನಮ್ಮ ಬೀದಿಯ ಮಕ್ಕಳು ಅದಕ್ಕೆ ಮನೆಗಾಡಿ ಎಂದು ಹೆಸರಿಟ್ಟರು, ನಮಗೂ ಅದೇ ರೂಢಿಯಾಯಿತು.

ಹೊಸದರ ಬೆಲೆ ನಮ್ಮಂಥ ಕಬ್ಬು ಬೆಳೆಯುವವರ ಕೈಗೆ ಎಟಕುವುದಲ್ಲ. ಹೋದ ವರ್ಷ ಚಳಿಗಾಲ ಕಳೆಯುವ ಹೊತ್ತಿಗೆ, ಹಳೆಯ ವಾಹನಗಳನ್ನು ಮಾರುವ ವ್ಯಾಪಾರಿಯೊಬ್ಬರ ಅಂಗಳದಲ್ಲಿ ಹನ್ನೊಂದು ವರ್ಷದ ವ್ಯಾನೊಂದು ಕಣ್ಣಿಗೆ ಬಿತ್ತು. ನೋಂದಣಿ ಪತ್ರದಲ್ಲಿ ಕ್ಯಾರವಾನ್ ಎಂದೇ ನಮೂದಾಗಿತ್ತು. ಒಳಗೆ ಹೊಸ ಹಾಸಿಗೆ, ಹೂವಿನ ಪರದೆ, ಸಣ್ಣ ಫ್ಯಾನು, ಎರಡು ಉರಿಯ ಒಲೆ. ನಾವು ನೋಡಿದ್ದು ಇಷ್ಟನ್ನೇ. ತಾಯಿಯವರ ಹಾಸಿಗೆ ಉದ್ದ ಸಾಕೇ ಎಂದು ಅಳೆದೆವು. ಗಾಡಿಯ ಕೆಳಗೆ ಬಗ್ಗಿ ನೋಡಿದಾಗ ಚಾಸಿಗೆ ಬಳಿದಿದ್ದ ಕಪ್ಪು ಬಣ್ಣವು ಹೊಚ್ಚ ಹೊಸದಾಗಿ ಹೊಳೆಯುತ್ತಿದ್ದುದನ್ನು ಕಂಡು, ಹಿಂದಿನ ಯಜಮಾನರು ಬಹಳ ಜೋಪಾನಸ್ಥರೆಂದು ಮೆಚ್ಚಿಕೊಂಡೆವು. ಗಾಡಿ ಮೊದಲು ನೋಂದಣಿಯಾದದ್ದು ಕರಾವಳಿಯ ಪಟ್ಟಣದಲ್ಲಿ ಎಂಬುದು ಅದೇ ಪತ್ರದಲ್ಲಿತ್ತು. ಓದಿದೆವು, ಅದರ ಅರ್ಥ ನಮಗೆ ಹೊಳೆಯಲಿಲ್ಲ. ನಾಲ್ಕು ಲಕ್ಷ ಎಂಬತ್ತು ಸಾವಿರ ರೂಪಾಯಿಗಳಿಗೆ ಮಾತು ನಿಂತಿತು. ಎರಡು ಹಂಗಾಮಿನ ಕಬ್ಬಿನ ಹಣ ಅದು.

ಮುಂಗಾರಿನ ಮೊದಲ ದೊಡ್ಡ ಮಳೆ ಬಿದ್ದ ಮರುದಿನ ತಾಯಿಯವರು ಗಾಡಿಯೊಳಗೆ ಹೋಗಿ ಮಲಗಿದ್ದವರು ಇಳಿದು ಬಂದು, “ಯಾಕಪ್ಪಾ, ಮಂಚದ ಕಾಲತ್ರ ನೆಲ ಮೆತ್ತಗೈತಲ್ಲ” ಎಂದರು. ವಯಸ್ಸಾದವರ ಭ್ರಮೆಯೆಂದು ನಾವು ನಕ್ಕೆವು. ಮೂರನೆಯ ದಿನ ಹಳೆಯ ಒದ್ದೆ ಗೋಣಿಯಂಥ ವಾಸನೆ ಎದ್ದಾಗ ಚಾಪೆಯನ್ನು ಎತ್ತಿದೆವು. ಅದರಡಿಯ ಪ್ಲೈವುಡ್ ಹಲಗೆ ಬಿಸಿ ಮುದ್ದೆಯಂತೆ ಬೆರಳಿಗೆ ತಗ್ಗುತ್ತಿತ್ತು.

ಮದ್ದೂರು-ಮಳವಳ್ಳಿ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಟ್ರೇಲರಿಗೆ ಬೆಸುಗೆ ಹಾಕುವ ವೆಲ್ಡಿಂಗ್ ಮೇಸ್ತ್ರಿಯೊಬ್ಬರು ನಮಗೆ ಪರಿಚಿತರು. ಸಕ್ಕರೆ ಕಾರ್ಖಾನೆಯ ಊರಿನಲ್ಲಿ ಇಂಥವರ ಕೈಗೆ ಬಿಡುವಿಲ್ಲ, ಆದರೂ ಬಂದರು. ಬಂದವರು ಮಾತಾಡದೆ ಗಾಡಿಯ ಕೆಳಗೆ ನುಸುಳಿ, ಸ್ಕ್ರೂಡ್ರೈವರಿನ ಹಿಡಿಯಿಂದ ಚಾಸಿಯ ಉದ್ದಕ್ಕೂ ತಟ್ಟುತ್ತ ಹೋದರು. ಟಣ್ ಟಣ್ ಎನ್ನುತ್ತಿದ್ದ ಸದ್ದು ಹಿಂದಿನ ಚಕ್ರದ ಬಳಿ ಬಂದಾಗ ಡಬ್ ಎಂದಿತು. ಅಲ್ಲಿ ಮೊನೆಯನ್ನು ಒತ್ತಿದರು. ಸ್ಕ್ರೂಡ್ರೈವರು ಹಿಡಿಯವರೆಗೂ ಒಳಗೆ ಹೋಯಿತು. ಒಂದು ಬೊಗಸೆ ಕೆಂಪು ಪುಡಿ ಅವರ ಎದೆಯ ಮೇಲೆ ಸುರಿಯಿತು. “ಅಣ್ಣಾ, ಇದು ಕಬ್ಬಿಣ ಅಲ್ಲ. ಪುಟ್ಟಿ ಮೆತ್ತಿ, ಫೈಬರ್ ಬಟ್ಟೆ ಅಂಟಿಸಿ, ಮ್ಯಾಲೆ ಕರಿ ಬಣ್ಣ ಹೊಡ್ದವ್ರೆ. ಅಮ್ಮಾವ್ರ ಮಂಚ ನಿಂತಿರೋದು ಇದರ ಮ್ಯಾಲೇ” ಎಂದರು. ಶಿರಾಡಿ ಘಟ್ಟದ ತಿರುವಿನಲ್ಲಿ ಇದು ಕಳಚಿದ್ದರೆ ಎಂಬ ಯೋಚನೆ ಆ ರಾತ್ರಿ ಮನೆಯಲ್ಲಿ ಯಾರಿಗೂ ನಿದ್ರೆ ಕೊಡಲಿಲ್ಲ.

ತುಕ್ಕು ಎಂದರೆ ಏನು ಎಂಬುದನ್ನು ಶಾಲೆಯಲ್ಲಿ ಎಲ್ಲರೂ ಓದಿರುತ್ತೇವೆ. ನೀರೂ ಗಾಳಿಯ ಆಮ್ಲಜನಕವೂ ಕೂಡಿದಲ್ಲಿ ಕಬ್ಬಿಣವು ತನ್ನ ಅದುರಿನ ಸ್ಥಿತಿಗೆ ಮರಳುವುದೇ ಅದು. ಉಪ್ಪು ಸೇರಿದರೆ ನೀರಿನಲ್ಲಿ ವಿದ್ಯುತ್ತು ಸುಲಭವಾಗಿ ಹರಿದು ಕೆಲಸ ಶೀಘ್ರವಾಗುತ್ತದೆ. ಕಡಲ ತೀರದ ಗಾಡಿಗಳಿಗೆ ಇದೇ ಶಾಪ. ಕಬ್ಬಿಣಕ್ಕಿಂತ ಅದರ ತುಕ್ಕು ಹೆಚ್ಚು ಜಾಗವನ್ನು ಬೇಡುತ್ತದೆ. ಆದುದರಿಂದಲೇ ಅದು ಬಣ್ಣವನ್ನು ಗುಳ್ಳೆಯಂತೆ ಎತ್ತುತ್ತದೆ, ಜೋಡಿಸಿದ ಎರಡು ತಗಡುಗಳನ್ನು ಬಾಯಿ ಬಿಡಿಸುತ್ತದೆ. ಹಿತ್ತಾಳೆ ತಾಮ್ರಗಳ ಕಿಲುಬು ಮೇಲ್ಮೈಯಲ್ಲಿ ಕುಳಿತು ಒಳಗಿನ ಲೋಹವನ್ನು ಬಹುಮಟ್ಟಿಗೆ ಕಾಪಾಡುತ್ತದೆ; ಕಬ್ಬಿಣದ ತುಕ್ಕು ಹಾಗಲ್ಲ, ಉದುರುತ್ತ ಉದುರುತ್ತ ಹೊಸ ಕಬ್ಬಿಣವನ್ನು ತೆರೆದು ಕೊಡುತ್ತದೆ. ಇದಕ್ಕೆ ಅಪವಾದಗಳೂ ಉಂಟು. ಕೊಡಚಾದ್ರಿಯಲ್ಲಿ, ಮೂಲ ಮೂಕಾಂಬಿಕೆಯ ಗುಡಿಯ ಎದುರಿಗೆ, ಜನರು ದೇವಿಯ ತ್ರಿಶೂಲವೆಂದು ನಂಬುವ ಕಬ್ಬಿಣದ ಕಂಬವೊಂದು ಸಹ್ಯಾದ್ರಿಯ ಮಳೆಯಲ್ಲಿ ತೋಯುತ್ತಲೂ ಕರಗದೆ ನಿಂತಿದೆ. ನಮ್ಮ ವ್ಯಾನನ್ನು ಮಾಡಿದವರಿಗೆ ಆ ವಿದ್ಯೆ ತಿಳಿದಿರಲಿಲ್ಲವೆನ್ನಬೇಕು.

ವಾಸದ ಗಾಡಿಗೆ ಇನ್ನೊಂದು ವಿಶೇಷ ಪೀಡೆಯಿದೆ. ಒಳಗೆ ಅಡಿಗೆಯ ಹಬೆ, ಮಲಗಿದವರ ಉಸಿರು, ತೊಟ್ಟಿಯಿಂದ ಜಿನುಗುವ ನೀರು. ಇವೆಲ್ಲ ರಾತ್ರಿಯ ತಂಪಿನಲ್ಲಿ ತಗಡಿನ ಒಳಮೈಗೆ ಹನಿಯಾಗಿ ಕೂತು, ಹಲಗೆಗೂ ತಗಡಿಗೂ ನಡುವೆ ಇಳಿಯುತ್ತವೆ. ಅಲ್ಲಿಗೆ ಬಿಸಿಲೂ ಇಲ್ಲ, ಗಾಳಿಯೂ ಇಲ್ಲ. ಹಲಗೆ ಒದ್ದೆಯನ್ನು ಹಿಡಿದುಕೊಂಡಿರುತ್ತದೆ. ಚಾಸಿಯ ಟೊಳ್ಳು ಭಾಗಗಳಲ್ಲಿ ನೀರು ಹೊರಗೆ ಹೋಗಲೆಂದು ಬಿಟ್ಟಿರುವ ತೂತುಗಳು ಕೆಸರಿನಿಂದ ಮುಚ್ಚಿದರಂತೂ ಮುಗಿಯಿತು. ಹೊರಗೆ ಬಣ್ಣ ಹೊಳೆಯುತ್ತಿರುವಾಗಲೇ ಒಳಗೆ ಸವೆತ ನಡೆದಿರುತ್ತದೆ.

ವ್ಯಾಪಾರಿಗೆ ಫೋನು ಮಾಡಲಾಗಿ ಮೊದಲು ಸಿಕ್ಕ ಉತ್ತರ, “ಹಳೇ ಗಾಡಿ ಅಂದ್ಮೇಲೆ ತುಕ್ಕು ಇಲ್ಲದೆ ಇರುತ್ತಾ ಸಾರ್? ನೀವೇ ನೋಡಿ ತಗೊಂಡ್ರಿ.” ಎರಡನೆಯ ಸಲ, ತಾವು ಮಾರಿದವರೇ ಅಲ್ಲ, ಮಧ್ಯವರ್ತಿ ಮಾತ್ರ ಎಂದರು. ಮೂರನೆಯ ಸಲ ಫೋನು ಎತ್ತಲಿಲ್ಲ. ಕೋಪದಿಂದ ಅಂದೇ ರಿಪೇರಿಗೆ ಕೊಟ್ಟುಬಿಡುವುದರಲ್ಲಿದ್ದೆವು. ತಡೆದವರು ಮದ್ದೂರಿನ ವಕೀಲರೊಬ್ಬರು. ಕೊಳೆತ ಕಬ್ಬಿಣವೇ ನಿಮ್ಮ ಸಾಕ್ಷಿ, ಅದನ್ನು ಕತ್ತರಿಸಿ ಎಸೆದರೆ ಏನನ್ನು ತೋರಿಸುತ್ತೀರಿ ಎಂದು ಕೇಳಿದರು. ಗಾಡಿಯನ್ನು ಓಡಿಸುವುದನ್ನು ನಿಲ್ಲಿಸಿದೆವು. ಅಳತೆಪಟ್ಟಿಯನ್ನು ಪಕ್ಕಕ್ಕಿಟ್ಟು ಫೋಟೋಗಳನ್ನು ತೆಗೆದೆವು. ಮೇಸ್ತ್ರಿಯವರಿಂದಲೂ, ಮಂಡ್ಯದಿಂದ ಬಂದ ಇನ್ನೊಬ್ಬ ಮೆಕ್ಯಾನಿಕ್ಕಿನಿಂದಲೂ ಬರಹದಲ್ಲಿ ವರದಿ ಪಡೆದೆವು; ದುರಸ್ತಿಗೆ ಒಂದು ಲಕ್ಷ ಅರವತ್ತೈದು ಸಾವಿರ ತಗಲುವುದೆಂದು ಅದರಲ್ಲಿತ್ತು. ಕೊಳ್ಳುವ ಮುನ್ನ ವ್ಯಾಪಾರಿಯು ವಾಟ್ಸಾಪಿನಲ್ಲಿ “ಚಾಸಿ ಗಟ್ಟಿ ಇದೆ, ತುಕ್ಕು ಇಲ್ಲ” ಎಂದು ಕಳುಹಿಸಿದ್ದ ಸಂದೇಶ ಅಳಿಯದೆ ಉಳಿದಿದ್ದುದು ನಮ್ಮ ಪುಣ್ಯ. ಹಣವನ್ನು ಅವರ ಅಂಗಡಿಯ ಖಾತೆಗೇ ಬ್ಯಾಂಕಿನ ಮೂಲಕ ಕಟ್ಟಿದ್ದೆವು. ಮಧ್ಯವರ್ತಿಯೆಂಬ ಮಾತು ಅಲ್ಲಿಗೆ ನಿಲ್ಲುವಂತಿರಲಿಲ್ಲ.

ಕಾನೂನಿನ ಮಾತನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದಕ್ಕೆ ವಾಚಕರು ಕ್ಷಮಿಸಬೇಕು. ನಮಗೆ ಅದು ಮೊದಲೇ ತಿಳಿದಿದ್ದರೆ ಎಷ್ಟೋ ಉಪಕಾರವಾಗುತ್ತಿತ್ತು. 1930ನೆಯ ಇಸವಿಯ ಸರಕು ಮಾರಾಟದ ಕಾಯಿದೆಯ 16ನೆಯ ಪ್ರಕರಣದಂತೆ, ಕೊಳ್ಳುವವನು ತಾನೇ ಎಚ್ಚರವಾಗಿರತಕ್ಕದ್ದೆಂಬುದೇ ಸಾಮಾನ್ಯ ನಿಯಮ. ಆದರೆ ಅಂಥ ಸರಕಿನ ವ್ಯಾಪಾರವನ್ನೇ ಮಾಡುವವನಿಂದ ವರ್ಣನೆಯನ್ನು ನಂಬಿ ಕೊಂಡಲ್ಲಿ, ಸರಕು ಮಾರಾಟಕ್ಕೆ ತಕ್ಕ ಸ್ಥಿತಿಯಲ್ಲಿರಬೇಕು. ಕೊಳ್ಳುವವನು ಪರೀಕ್ಷಿಸಿ ನೋಡಿದ್ದರೆ, ಆ ಪರೀಕ್ಷೆಯಲ್ಲಿ ಕಾಣಬೇಕಾಗಿದ್ದ ದೋಷಗಳಿಗೆ ಮಾತ್ರ ಅವನು ದೂರುವಂತಿಲ್ಲ. ಬಣ್ಣದ ಕೆಳಗೆ, ಪುಟ್ಟಿಯ ಹಿಂದೆ ಇದ್ದದ್ದು ಬಗ್ಗಿ ನೋಡಿದವನಿಗೆ ಕಾಣಬೇಕಾಗಿದ್ದ ದೋಷವೇ? ಇಡೀ ವ್ಯಾಜ್ಯ ಈ ಒಂದು ಪ್ರಶ್ನೆಯ ಮೇಲೆ ನಿಲ್ಲುತ್ತದೆ. ಇನ್ನು 1872ರ ಕರಾರು ಕಾಯಿದೆಯ 17ನೆಯ ಪ್ರಕರಣವು, ತಿಳಿದೂ ತಿಳಿದು ಒಂದು ಸಂಗತಿಯನ್ನು ಮರೆಮಾಡುವುದನ್ನು ವಂಚನೆಯೆಂದೇ ಎಣಿಸುತ್ತದೆ. ಹಾಗೆ ವಂಚಿತನಾದವನು 19ನೆಯ ಪ್ರಕರಣದಂತೆ ಕರಾರನ್ನು ರದ್ದುಗೊಳಿಸಬಹುದು. ಅಥವಾ ಹೇಳಿದ್ದು ನಿಜವಾಗಿದ್ದರೆ ತಾನು ಯಾವ ಸ್ಥಿತಿಯಲ್ಲಿರುತ್ತಿದ್ದೆನೋ ಆ ಸ್ಥಿತಿಯಲ್ಲಿ ತನ್ನನ್ನು ಇರಿಸೆಂದು ಕೇಳಬಹುದು.

ಗೃಹಸ್ಥರಿಗೆ ಇವೆರಡಕ್ಕಿಂತ ಹತ್ತಿರದ ಬಾಗಿಲು ಗ್ರಾಹಕ ಆಯೋಗದ್ದು. 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ, ವ್ಯಾಪಾರಿ ಎಲ್ಲಿಯವನಾದರೂ ದೂರುದಾರನು ತಾನು ವಾಸವಾಗಿರುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ನಮಗೆ ಮಂಡ್ಯ ಸಾಕು. ಕೊಟ್ಟ ಬೆಲೆ ಐದು ಲಕ್ಷವನ್ನು ಮೀರದಿದ್ದಲ್ಲಿ ಶುಲ್ಕವಿಲ್ಲ. ದೂರಿಗೆ ಕಾರಣ ಹುಟ್ಟಿದ ಎರಡು ವರ್ಷದೊಳಗೆ ಹೋಗಬೇಕು. ಗಾಡಿಯನ್ನು ಬಾಡಿಗೆಗೆ ಓಡಿಸಲು ಕೊಂಡಿದ್ದರೆ ಆಯೋಗವು ನಮ್ಮನ್ನು ಗ್ರಾಹಕರೆಂದು ಎಣಿಸುವುದೇ ಸಂದೇಹ. ಸ್ವಂತ ಜೀವನೋಪಾಯಕ್ಕಾಗಿ ತಾನೇ ಓಡಿಸುವವನ ಮಾತು ಬೇರೆ. ವ್ಯಾಪಾರಿಯಲ್ಲದ ನೆರೆಯವನಿಂದ ಕೊಂಡದ್ದಕ್ಕೂ ಈ ಬಾಗಿಲಿಲ್ಲ, ಸಿವಿಲ್ ನ್ಯಾಯಾಲಯವೇ ಗತಿ. ದೂರಿಗೆ ಮೊದಲು 1915 ಎಂಬ ಸಹಾಯವಾಣಿಗೆ ಫೋನು ಮಾಡಿಯೂ ನೋಡಬಹುದು. ವಿಮೆಯನ್ನು ನೆಚ್ಚುವಂತಿಲ್ಲ, ಸವೆತ ಮೋಟಾರು ವಿಮೆಯ ಲೆಕ್ಕಕ್ಕೆ ಬರುವುದಿಲ್ಲ.

ಇನ್ನೊಂದು ಸಂಗತಿಯನ್ನು ವಕೀಲರು ನೋಟೀಸಿನಲ್ಲಿ ಸೇರಿಸಿದರು. 2023ರ ಏಪ್ರಿಲ್ 1ರಿಂದ, ನೋಂದಣಿಯಾದ ಹಳೆಯ ವಾಹನಗಳನ್ನು ಮಾರುವ ವ್ಯಾಪಾರಿಯು ಸಾರಿಗೆ ಅಧಿಕಾರಿಗಳಿಂದ ಅಧಿಕಾರ ಪತ್ರವನ್ನು ಪಡೆದಿರಬೇಕು. ಯಜಮಾನನು ಗಾಡಿಯನ್ನು ಅವನಿಗೆ ಒಪ್ಪಿಸಿದ್ದನ್ನು ನಮೂನೆ 29ಸಿ ಎಂಬುದರಲ್ಲಿ ತಿಳಿಸಬೇಕು. ಆ ಪತ್ರಗಳ ನಕಲನ್ನು ಕಳುಹಿಸಿರೆಂದು ಕೇಳಿದ್ದೇ ತಡ, ಎತ್ತದ ಫೋನು ತಾನಾಗಿಯೇ ಬಂದಿತು.

ವ್ಯಾಪಾರಿಯು ಒಂದು ಭಾನುವಾರ ಮನೆಗೆ ಬಂದರು. ಕೆಟ್ಟ ಮನುಷ್ಯರಂತೆ ಕಾಣಲಿಲ್ಲ. ಕಾಫಿ ಕುಡಿದರು, ತಾಯಿಯವರ ಸೊಂಟದ ವಿಚಾರ ಕೇಳಿದರು. ಗಾಡಿಯ ಕೆಳಗೆ ನೋಡಿ ಎದ್ದು, ತಾವು ಕೊಂಡಾಗಲೇ ಬಣ್ಣ ಹಾಗಿತ್ತೆಂದರು. ಇರಬಹುದು, ಇಲ್ಲದಿರಬಹುದು. ಗಾಡಿಯನ್ನು ಹಿಂದಕ್ಕೆ ಕೊಂಡರೆ ಮೂರು ಲಕ್ಷ ಕೊಡುವೆನೆಂದರು. ಪೂರ್ತಿ ಹಣ ಬರುವವರೆಗೆ ಆಯೋಗದಲ್ಲಿ ಹೋರಾಡಬೇಕೆಂಬುದು ಮನೆಯ ಹುಡುಗರ ಹಟ. ದೂರು ಮೂರು ತಿಂಗಳಲ್ಲಿ, ಪ್ರಯೋಗಶಾಲೆಯ ಪರೀಕ್ಷೆ ಬೇಕಾದಲ್ಲಿ ಐದು ತಿಂಗಳಲ್ಲಿ, ತೀರಬೇಕೆಂದು ಕಾಯಿದೆ ಹೇಳುತ್ತದಾದರೂ ಅದಕ್ಕಿಂತ ಹೆಚ್ಚು ಕಾಲ ಹಿಡಿಯಬಹುದೆಂದು ವಕೀಲರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಒಳಗಿನಿಂದ ತಾಯಿಯವರು, “ನಂಗೆ ಕೋರ್ಟು ಬ್ಯಾಡ ಕಣ್ರಪ್ಪಾ, ಕೊಲ್ಲೂರು ಬೇಕು. ಇನ್ನೆಷ್ಟು ವರ್ಷ ಕಾಯ್ಲಿ?” ಎಂದರು. ಕೊನೆಗೆ ಗಾಡಿ ನಮ್ಮಲ್ಲೇ ಉಳಿದು, ಒಂದು ಲಕ್ಷ ಇಪ್ಪತ್ತು ಸಾವಿರ ಬ್ಯಾಂಕಿನ ಮೂಲಕ ಬಂದು, ಇಬ್ಬರೂ ರಾಜಿ ಪತ್ರಕ್ಕೆ ರುಜು ಹಾಕಿದೆವು. ಉಳಿದ ನಲವತ್ತೈದು ಸಾವಿರ ನಮ್ಮ ಕೈಯಿಂದ ಹೋಯಿತು. ನಾವು ಸೋತೆವೆಂದು ಹುಡುಗರು ಈಗಲೂ ಅನ್ನುತ್ತಾರೆ. ಆ ವಿಷಯದಲ್ಲಿ ನಮ್ಮ ಮನಸ್ಸೂ ಪೂರ್ತಿ ಸಮಾಧಾನಗೊಂಡಿಲ್ಲ.

ಇಂಥ ಗಾಡಿ ಕೊಳ್ಳುವವರು ಒಂದು ಸಣ್ಣ ಅಯಸ್ಕಾಂತವನ್ನು ತೆಳುವಾದ ಬಟ್ಟೆಯಲ್ಲಿ ಸುತ್ತಿ ಜೇಬಿನಲ್ಲಿಟ್ಟುಕೊಂಡು ಹೋಗಲಿ. ಪುಟ್ಟಿಯ ಮೇಲೂ ಫೈಬರಿನ ಮೇಲೂ ಅದು ಹಿಡಿಯುವುದಿಲ್ಲ. ಚಾಪೆ ಎತ್ತಿಸಬೇಕು, ಹಾಸಿಗೆಯ ಕೆಳಗಿನ ಹಲಗೆಯನ್ನೂ. ಹಳೆಯ ಗಾಡಿಯ ಕೆಳಗೆ ಹೊಸ ಕಪ್ಪು ಬಣ್ಣ ಕಂಡರೆ ಸಂತೋಷಪಡದೆ ಸಂಶಯಪಡಬೇಕು. ಖಾಸಗಿ ವಾಹನದ ಮೊದಲ ನೋಂದಣಿ ಹದಿನೈದು ವರ್ಷ ನಡೆಯುವುದರಿಂದ, ಅದು ಊರ್ಜಿತವಾಗಿದೆಯೆಂಬುದು ಗಾಡಿಯ ಗಟ್ಟಿತನಕ್ಕೆ ಸಾಕ್ಷಿಯಲ್ಲ. ಗುರುತಿನ ಗ್ಯಾರೇಜಿನಲ್ಲಿ ಗಾಡಿಯನ್ನು ಮೇಲೆತ್ತಿ ತೋರಿಸಲು ಒಪ್ಪದ ವ್ಯಾಪಾರಿಯಿಂದ ದೂರ ಇರುವುದೇ ಲೇಸು.

ಮೇಸ್ತ್ರಿಯವರು ಹದಿನೆಂಟು ದಿನ ಕೆಲಸ ಮಾಡಿದರು. ಕೊಳೆತದ್ದನ್ನು ಗಟ್ಟಿ ಕಬ್ಬಿಣ ಸಿಗುವವರೆಗೂ ಕತ್ತರಿಸಿ ತೆಗೆದು, ಹೊಸ ಉಕ್ಕಿನ ಪಟ್ಟಿಗಳನ್ನು ಬೆಸೆದು, ಸತುವಿನ ಬಣ್ಣ ಬಳಿದು, ನೀರಿನ ತೂತುಗಳನ್ನು ಬಿಡಿಸಿದರು. ಕತ್ತರಿಸಿದ ತುಂಡೊಂದನ್ನು ತಾಯಿಯವರು ಕೇಳಿ ಇಟ್ಟುಕೊಂಡಿದ್ದಾರೆ. ಯಾರಾದರೂ ಬಂದರೆ ತೋರಿಸುತ್ತಾರೆ, ಬೆರಳಿನಲ್ಲಿ ಒತ್ತಿದರೆ ಅದು ಇಂದಿಗೂ ಉದುರುತ್ತದೆ. ಕಾರ್ತಿಕದಲ್ಲಿ ಕೊಲ್ಲೂರಿಗೆ ಹೋಗಿ ಬಂದೆವು. ಬರುವಾಗ ಕಡಲ ದಡದ ಒಂದು ಊರಿನಲ್ಲಿ ರಾತ್ರಿ ತಂಗಿದ್ದೆವಾಗಿ, ಮನೆಗೆ ಬಂದ ಮರುದಿನವೇ ಪಂಪ್‌ಸೆಟ್ಟಿನ ಪೈಪು ಹಿಡಿದು ಗಾಡಿಯ ಕೆಳಭಾಗವನ್ನೆಲ್ಲ ಸಿಹಿನೀರಿನಲ್ಲಿ ತೊಳೆದೆವು. ತಾಯಿಯವರು ಜಗುಲಿಯ ಮೇಲೆ ಮಲಗಿಕೊಂಡೇ, ಹಿಂದಿನ ಚಕ್ರದ ಹತ್ತಿರ ಇನ್ನಷ್ಟು ನೀರು ಬಿಡಿ ಎಂದು ಹೇಳುತ್ತಿದ್ದರು.