ಯಂತ್ರವೂ ಆಡಲಿ, ಆದರೆ ಯಂತ್ರ ಅಂತ ಹೇಳಿ ಆಡಲಿ

ಕಳೆದ ಸಲ ರಾಯಚೂರಿಗೆ ಹೋಗಿದ್ದಾಗ ಬಸ್ ಸ್ಟ್ಯಾಂಡಿನಲ್ಲಿ ದೇವದುರ್ಗದ ಇಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ ಗುರುತು ಹಿಡಿದು ಮಾತಾಡಿಸಿದ. ಚೆಸ್ ಆಡುವ ಪ್ರೋಗ್ರಾಂ ಒಂದನ್ನು ತಾನೇ ಬರೆದಿದ್ದನಂತೆ. ಆನ್‌ಲೈನಿನಲ್ಲಿ ತನ್ನ ಖಾತೆಯಿಂದ ಅದು ಹೇಳಿದ ನಡೆಗಳನ್ನೇ ಆಡಿದ. ಕೆಲವೇ ದಿನಕ್ಕೆ ಖಾತೆ ಬಂದ್! "ಸರ್, ಯಾರದೂ ಕದ್ದಿಲ್ರಿ, ನಾನಾ ಬರ್ದೀನಿ. ಅಂದಮ್ಯಾಲ ಅದು ನಂದಾ ಬುದ್ಧಿ ಅಲ್ಲೇನ್ರಿ? ಮೋಸ ಹ್ಯಾಂಗಾಗ್ತದ್ರಿ?" ಅಂತ ಕೇಳಿದ.

ನಾನೂ ಇಂಜಿನಿಯರಿಂಗ್ ಓದಿದವನೇ. ಅವನ ಶ್ರಮ ಎಂಥದ್ದು ಅಂತ ಗೊತ್ತು. ಲೆಕ್ಕ ನೋಡಿ: ಆಟ ಶುರುವಾದಾಗ ಬಿಳಿ ಕಾಯಿಯವನಿಗೆ 20 ನಡೆಗಳಿವೆ. ಎಂಟು ಕಾಲಾಳುಗಳಿಗೆ ತಲಾ ಎರಡು, ಎರಡು ಕುದುರೆಗಳಿಗೆ ತಲಾ ಎರಡು. ಕಪ್ಪು ಕಾಯಿಯವನಿಗೂ ಅಷ್ಟೇ. ಅಲ್ಲಿಗೆ 400 ದಾರಿ. ಇಬ್ಬರೂ ಎರಡೆರಡು ನಡೆ ಆಡುವಷ್ಟರಲ್ಲಿ ದಾರಿಗಳ ಸಂಖ್ಯೆ 1,97,281! ಇವುಗಳಲ್ಲಿ ಯಾವುದು ಲಾಭ, ಯಾವುದು ನಷ್ಟ ಅಂತ ತೂಗಿ, ಕೆಲಸಕ್ಕೆ ಬಾರದ ದಾರಿಗಳನ್ನು ಬೇಗ ಕೈಬಿಡುವುದೇ ಪ್ರೋಗ್ರಾಮಿನ ಕೆಲಸ. ಅದನ್ನು ಬರೆದ ಹುಡುಗ ಬುದ್ಧಿವಂತ, ಅನುಮಾನವೇ ಇಲ್ಲ.

ಆದರೆ ಬೋರ್ಡಿನ ಮುಂದೆ ಕೂತು ಲೆಕ್ಕ ಹಾಕಿದ್ದು ಯಾರು? ಅವನಲ್ಲ. ಪ್ರೋಗ್ರಾಂ.

ನಮ್ಮ ರಾಯಚೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾರಹುಣ್ಣಿಮೆಗೆ ಮುಂಗಾರು ಹಬ್ಬದಲ್ಲಿ ಎತ್ತುಗಳು ಭಾರದ ಕಲ್ಲು ಎಳೆಯುವ ಸ್ಪರ್ಧೆ ನೋಡಿದ್ದೀರಿ. ಅಲ್ಲಿಗೆ ಒಬ್ಬ ಟ್ರ್ಯಾಕ್ಟರ್ ತಂದು, "ಇದನ್ನ ನಾನೇ ನಮ್ಮ ಶೆಡ್ಡಿನಲ್ಲಿ ಕಟ್ಟೀನಿ, ಕಲ್ಲು ಎಳೀಲಿ ಬಿಡ್ರಿ" ಅಂದರೆ? ಬೆನ್ನು ತಟ್ಟುತ್ತೇವೆ. ಎತ್ತುಗಳ ಸಾಲಿಗೆ ಮಾತ್ರ ಬಿಡೋದಿಲ್ಲ.

2021ರ ಜೂನ್ 13ರಂದು ಆಗಿದ್ದೂ ಇಂಥದ್ದೇ. ಕೋವಿಡ್ ಪರಿಹಾರಕ್ಕೆ ಹಣ ಸಂಗ್ರಹಿಸಲು ವಿಶ್ವನಾಥನ್ ಆನಂದ್ ಹಲವು ಗಣ್ಯರ ಜೊತೆ ಆನ್‌ಲೈನ್ ಚೆಸ್ ಆಡಿದರು. ಬೆಂಗಳೂರಿನ ಉದ್ಯಮಿ ನಿಖಿಲ್ ಕಾಮತ್ ಅವರನ್ನು ಸೋಲಿಸಿಬಿಟ್ಟರು! ಮಾರನೇ ದಿನ, ಕಂಪ್ಯೂಟರ್ ಮತ್ತು ಬೇರೆಯವರ ನೆರವು ಪಡೆದಿದ್ದೆ ಅಂತ ಕಾಮತ್ ಅವರೇ ಒಪ್ಪಿಕೊಂಡು ಕ್ಷಮೆ ಕೇಳಿದರು. ಚೆಸ್ ಡಾಟ್ ಕಾಮ್ ಅವರ ಖಾತೆ ಮುಚ್ಚಿ, ಆಮೇಲೆ ತೆರೆಯಿತು. ಆ ಕಂಪ್ಯೂಟರ್ ಪ್ರೋಗ್ರಾಮನ್ನು ಕಾಮತ್ ಅವರೇ ಬರೆದಿದ್ದರೆ ಆನಂದ್‌ಗೆ ಏನಾದರೂ ವ್ಯತ್ಯಾಸ ಆಗ್ತಿತ್ತಾ? ಎದುರಿಗೆ ಕೂತಿರುವುದು ಮನುಷ್ಯ ಅಂತ ನಂಬಿಯೇ ಅವರು ಆಡಿದ್ದು.

ಆನಂದ್ ಐದು ಸಲದ ವಿಶ್ವ ಚಾಂಪಿಯನ್, ತಡೆದುಕೊಂಡರು. ಮಾನ್ವಿಯಲ್ಲಿರುವ ನಮ್ಮಕ್ಕನ ಮಗಳಿಗೆ ಹತ್ತು ವರ್ಷ. ಅಪ್ಪನ ಫೋನಿನಲ್ಲಿ ಚೆಸ್ ಕಲಿತಳು. ಒಂದು ರಜೆಯಲ್ಲಿ ಮೇಲಿಂದ ಮೇಲೆ ಸೋತು, "ಮಾಮಾ, ನನಗ ಬುದ್ಧಿ ಕಡಿಮಿ ಅದೇನು?" ಅಂತ ಕೇಳಿದಳು. ಅವಳನ್ನು ಸೋಲಿಸಿದವರಲ್ಲಿ ಯಂತ್ರ ಎಷ್ಟು, ಮನುಷ್ಯರು ಎಷ್ಟು? ಆ ಮಗುವಿಗೆ ತಿಳಿಯುವ ದಾರಿಯೇ ಇಲ್ಲ. ಗುಟ್ಟಾಗಿ ಆಡುವ ಯಂತ್ರದಿಂದ ಆಗುವ ನಿಜವಾದ ನಷ್ಟ ಇದು.

ಹಾಗಾದರೆ ಮನೆಯಲ್ಲಿ ಬರೆದ ಪ್ರೋಗ್ರಾಮುಗಳಿಗೆ ಜಾಗವೇ ಬೇಡವೇ? ಬೇಕು, ಖಂಡಿತ ಬೇಕು. ಜಾಗವೂ ಇದೆ. ಲಿಚೆಸ್ ಎಂಬ ಉಚಿತ ಜಾಲತಾಣದಲ್ಲಿ ಪ್ರೋಗ್ರಾಮಿಗೇ ಪ್ರತ್ಯೇಕ ಖಾತೆ ಕೊಡುತ್ತಾರೆ. ಒಂದೂ ಆಟ ಆಡದ ಹೊಸ ಖಾತೆಯನ್ನಷ್ಟೇ ಹಾಗೆ ಬದಲಿಸಬಹುದು. ಬದಲಿಸಿದ ಮೇಲೆ ವಾಪಸ್ ಇಲ್ಲ. ಹೆಸರಿನ ಪಕ್ಕ 'ಬಾಟ್' ಅನ್ನುವ ಗುರುತು ಇರುತ್ತದೆ. ಯಂತ್ರದ ಜೊತೆ ಆಡುವ ಆಸೆ ಇದ್ದವರು ಗೊತ್ತಿದ್ದೇ ಆಡುತ್ತಾರೆ. ಅಂತರರಾಷ್ಟ್ರೀಯ ಪತ್ರವ್ಯವಹಾರ ಚೆಸ್ ಒಕ್ಕೂಟದ ಆಟಗಳಲ್ಲಂತೂ ಕಂಪ್ಯೂಟರ್ ನೆರವಿಗೆ ಅನುಮತಿಯೇ ಇದೆ. ಅಲ್ಲಿ ಇಬ್ಬರಿಗೂ ಅದು ಗೊತ್ತು, ಹಾಗಾಗಿ ಮೋಸದ ಮಾತೇ ಇಲ್ಲ.

ಅಂದರೆ ಪ್ರೋಗ್ರಾಂ ಬರೆದವರು ಯಾರು ಅನ್ನುವುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಎದುರಾಳಿಗೆ ಅದು ಗೊತ್ತಿತ್ತೋ ಇಲ್ಲವೋ, ಅಷ್ಟೇ ಪ್ರಶ್ನೆ.

ದೇವದುರ್ಗದ ಹುಡುಗನಿಗೂ ಇದನ್ನೇ ಹೇಳಿದೆ: "ತಮ್ಮಾ, ಅದಕ್ಕೊಂದು ಹೆಸರಿಡು, ಅದರ ಹೆಸರಲ್ಲೇ ಆಡಿಸು. ಗೆದ್ದರೆ ಬರೆದವನು ನೀನು ಅಂತ ನಾಲ್ಕು ಜನರಿಗೆ ಗೊತ್ತಾಗ್ತದೆ. ನಿನ್ನ ಹೆಸರಲ್ಲಿ ಕದ್ದು ಆಡಿಸಿದರೆ, ಇಷ್ಟು ಒಳ್ಳೇ ಕೆಲಸ ಮಾಡಿದ್ದೀ ಅಂತ ಯಾರಿಗೂ ಹೇಳಿಕೊಳ್ಳೋಕೂ ಆಗೋದಿಲ್ಲ."