ಡಿಸ್ಕ್ ನಾಲ್ಕಿದ್ದರೂ ಪ್ರತಿ ಒಂದೇ

"ನಾಲ್ಕು ಡಿಸ್ಕ್ ಹಾಕಿಸಿ ರೇಡ್ ಮಾಡಿಸಿದ್ದೀವಿ ಸಾರ್, ಇನ್ನು ಡೇಟಾ ಹೋಗೋ ಮಾತೇ ಇಲ್ಲ." ಮದುವೆ ವಿಡಿಯೊ ಮಾಡುವ ಸ್ಟುಡಿಯೊಗಳಲ್ಲಿ, ಪುಸ್ತಕದ ಪುಟ ಕಟ್ಟುವ ಡಿಟಿಪಿ ಕೇಂದ್ರಗಳಲ್ಲಿ, ಕಾಲೇಜಿನ ಲ್ಯಾಬ್‌ಗಳಲ್ಲಿ ಈ ಮಾತು ತುಂಬು ನಂಬಿಕೆಯಿಂದ ಬರುತ್ತದೆ. ಹಲವು ಹಾರ್ಡ್ ಡಿಸ್ಕ್‌ಗಳನ್ನು ಒಟ್ಟು ಕಟ್ಟಿ, ಸರ್ವರ್‌ಗೆ ಅವೆಲ್ಲ ಒಂದೇ ದೊಡ್ಡ ಡಿಸ್ಕ್ ಎಂಬಂತೆ ಕಾಣಿಸುವ ಏರ್ಪಾಡು ರೇಡ್. ಏರ್ಪಾಡು ಒಳ್ಳೆಯದೇ. ಆದರೆ ಅದು ಕಾಯುವುದು ಒಂದೇ ಕೇಡಿನಿಂದ: ಡಿಸ್ಕ್ ಕೆಟ್ಟು ನಿಂತಾಗ ಕೆಲಸ ನಿಲ್ಲಬಾರದು, ಅಷ್ಟೇ. ಆ ಕಾವಲಿಗೂ ಷರತ್ತುಗಳಿವೆ. ಜನರ ವರ್ಷಗಟ್ಟಲೆಯ ದುಡಿಮೆ ಈ ಪೆಟ್ಟಿಗೆಗಳಲ್ಲಿರುವುದರಿಂದ ಆ ಷರತ್ತುಗಳನ್ನು ಬಿಡಿಸಿ ಹೇಳಲೇಬೇಕು.

"ಡಿಸ್ಕ್ ಹೆಚ್ಚಿದಷ್ಟೂ ಭದ್ರ"

ಲೆಕ್ಕ ಇದಕ್ಕೆ ಸರಿಯಾಗಿ ತಿರುಗುಮುರುಗು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್ಸಿನ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ‍್ಯಾಂಡಿ ಕಾಟ್ಜ್ 1988ರಲ್ಲಿ ರೇಡ್ ಕುರಿತು ಒಂದು ಪ್ರಬಂಧ ಮಂಡಿಸಿದರು. ಐಬಿಎಂ 3380ರಂಥ ದುಬಾರಿ ದೈತ್ಯ ಡಿಸ್ಕ್ ಕೊಳ್ಳುವ ಬದಲು, ಪಿಸಿಗಳಿಗೆಂದು ಬರುತ್ತಿದ್ದ 100 ಎಂಬಿಯ ಅಗ್ಗದ ಡಿಸ್ಕ್‌ಗಳನ್ನು ಸಾಲಾಗಿ ಜೋಡಿಸೋಣ ಎಂಬುದು ಅವರ ಸಲಹೆ. ಅದರ ತೊಡಕನ್ನೂ ಅವರೇ ಮುಂದಿಟ್ಟರು. ಒಂದು ಡಿಸ್ಕ್ ಸರಾಸರಿ 30,000 ಗಂಟೆ ಬಾಳುತ್ತದೆ ಎಂದುಕೊಂಡರೆ, ನೂರು ಡಿಸ್ಕ್‌ಗಳ ಸಾಲಿನಲ್ಲಿ ಸರಾಸರಿ 300 ಗಂಟೆಗೊಂದು ಕೆಡುತ್ತದೆ. ಎರಡು ವಾರವೂ ತುಂಬುವುದಿಲ್ಲ! ನಷ್ಟವನ್ನು ತುಂಬಿಕೊಡುವ ಹೆಚ್ಚುವರಿ ಡಿಸ್ಕ್‌ಗಳ ವಿಚಾರ ಆ ಪ್ರಬಂಧದ ನಡುವೆ ಬಂದು ಕೂತದ್ದು ಈ ಭಯದಿಂದಲೇ.

ಹೆಚ್ಚುವರಿ ಏನೂ ಇಲ್ಲದೆ ಡೇಟಾವನ್ನು ಹೋಳು ಮಾಡಿ ಎಲ್ಲ ಡಿಸ್ಕ್‌ಗಳಿಗೂ ಹಂಚುವುದು ರೇಡ್ 0. ವೇಗ ಸಿಗುತ್ತದೆ, ಜಾಗ ಪೂರ್ತಿ ಸಿಗುತ್ತದೆ, ಒಂದು ಡಿಸ್ಕ್ ಹೋದರೆ ಎಲ್ಲವೂ ಹೋಗುತ್ತದೆ. ಒಂದೊಂದು ಡಿಸ್ಕ್ ವರ್ಷದೊಳಗೆ ಕೆಡುವ ಸಂಭವ ಶೇ 2 ಇದ್ದರೆ, ನಾಲ್ಕರ ಕಟ್ಟಿಗೆ ಅದು ಶೇ 8ರ ಹತ್ತಿರ. ಎಡಿಟಿಂಗ್ ನಡೆಯುವಾಗಿನ ತಾತ್ಕಾಲಿಕ ಫೈಲುಗಳಿಗೆ ಇದು ಸಾಕು. ಬೇರೆಲ್ಲೂ ಪ್ರತಿ ಇಲ್ಲದ ಕೆಲಸವನ್ನು ಇದರ ಮೇಲೆ ಇಡಲೇಬಾರದು.

"ಒಂದು ಡಿಸ್ಕ್ ಕೆಟ್ಟರೆ ಬದಲಿಸಿದರಾಯಿತು"

ರೇಡ್ 5 ಇರುವವರೆಲ್ಲ ಹೇಳುವ ಮಾತಿದು, ಅರ್ಧ ಸತ್ಯ. ರೇಡ್ 5ರ ಒಳಗುಟ್ಟು ಪ್ಯಾರಿಟಿ. ಮೂರು ಡಿಸ್ಕ್‌ಗಳಲ್ಲಿ 7, 4, 9 ಎಂದು ಬರೆದು, ನಾಲ್ಕನೆಯದರಲ್ಲಿ ಅವುಗಳ ಮೊತ್ತ 20 ಇಟ್ಟರೆ, ಎರಡನೆಯ ಡಿಸ್ಕ್ ಕಳೆದುಹೋದರೂ 20ರಿಂದ 7 ಮತ್ತು 9 ಕಳೆದು 4 ಎಂದು ಕಂಡುಹಿಡಿಯಬಹುದು. ಕಂಪ್ಯೂಟರು ಕೂಡುವ ಬದಲು ಬಿಟ್‌ಗಳ ಸಮ-ಬೆಸ ನೋಡುತ್ತದೆ, ತತ್ತ್ವ ಇದೇ. ರೇಡ್ 5ರಲ್ಲಿ ಈ ಮೊತ್ತ ಒಂದೇ ಡಿಸ್ಕ್‌ನಲ್ಲಿ ಕೂರದೆ ಎಲ್ಲದರ ಮೇಲೂ ಸರದಿಯಂತೆ ಹಂಚಿಹೋಗುತ್ತದೆ. 4 ಟಿಬಿಯ ನಾಲ್ಕು ಡಿಸ್ಕ್ ಹಾಕಿದರೆ ಕೈಗೆ ಸಿಗುವುದು 12 ಟಿಬಿ.

ಗಮನಿಸಬೇಕಾದ್ದು ಇಲ್ಲಿದೆ: ಕಳೆದ 4 ಸಿಗಬೇಕಾದರೆ ಉಳಿದ ಮೂರೂ ಸರಿಯಾಗಿ ಓದಲು ಬರಬೇಕು. ಹೊಸ ಡಿಸ್ಕ್ ಹಾಕಿದ ಮೇಲೆ ನಡೆಯುವ ರಿಬಿಲ್ಡ್ ಎಂದರೆ ಉಳಿದ ಡಿಸ್ಕ್‌ಗಳನ್ನು ಮೊದಲಿಂದ ಕೊನೆಯವರೆಗೆ ಓದುವುದು. 16 ಟಿಬಿಯ ಡಿಸ್ಕನ್ನು ಸೆಕೆಂಡಿಗೆ 200 ಎಂಬಿಯಂತೆ ತುಂಬಿದರೂ 22 ಗಂಟೆ ಹಿಡಿಯುತ್ತದೆ. ಸರ್ವರ್ ತನ್ನ ನಿತ್ಯದ ಕೆಲಸವನ್ನೂ ಮಾಡುತ್ತಿದ್ದರೆ ದಿನಗಳೇ ಆಗಬಹುದು. ಅಷ್ಟು ಹೊತ್ತೂ ನೀವು ಸ್ಟೆಪ್ನಿ ಹಾಕಿಕೊಂಡು ಓಡುತ್ತಿರುವ ಗಾಡಿಯಲ್ಲಿದ್ದೀರಿ. ಇನ್ನೊಂದು ಚಕ್ರ ಪಂಕ್ಚರ್ ಆದರೆ ಗತಿಯಿಲ್ಲ.

ಇನ್ನೊಂದು ಡಿಸ್ಕ್ ಅದೇ ವೇಳೆಗೆ ಯಾಕೆ ಕೆಡುತ್ತದೆ ಎಂದು ಕೇಳಬಹುದು. ರೇಡ್‌ನ ಮೂಲ ಲೆಕ್ಕವೂ ಹಾಗೆಯೇ ಊಹಿಸಿಕೊಂಡಿತ್ತು: ಒಂದು ಡಿಸ್ಕ್ ಕೆಡುವುದಕ್ಕೂ ಮತ್ತೊಂದು ಕೆಡುವುದಕ್ಕೂ ನಂಟಿಲ್ಲ ಎಂದು. ಆ ಪ್ರಬಂಧ ಬರೆದ ಮೂವರಲ್ಲಿ ಒಬ್ಬರಾದ ಗಿಬ್ಸನ್ನರೇ 2007ರಲ್ಲಿ ಬಿಯಾಂಕಾ ಶ್ರೋಡರ್ ಜೊತೆ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಸುಮಾರು ಒಂದು ಲಕ್ಷ ಡಿಸ್ಕ್‌ಗಳ ದಾಖಲೆ ಜಾಲಾಡಿದರು. ಕಂಪನಿಗಳ ಕಾಗದದ ಪ್ರಕಾರ ವರ್ಷಕ್ಕೆ ಹೆಚ್ಚೆಂದರೆ ಶೇ 0.88 ಕೆಡಬೇಕಿತ್ತು, ಬದಲಿಸಿದ್ದು ಸಾಮಾನ್ಯವಾಗಿ ಶೇ 2ರಿಂದ 4, ಕೆಲವು ಕಡೆ ಶೇ 13ರವರೆಗೆ. ಒಂದು ಕೆಟ್ಟ ಬೆನ್ನಿಗೇ ಇನ್ನೊಂದು ಕೆಡುವುದು ಹಳೆಯ ಊಹೆಗಿಂತ ಹೆಚ್ಚಾಗಿ ಕಂಡಿತು. ತನ್ನ ಸಿದ್ಧಾಂತದ ಬುನಾದಿಯನ್ನು ಸುಮಾರು ಇಪ್ಪತ್ತು ವರ್ಷ ಕಳೆದ ಮೇಲೆ ತಾನೇ ಪರೀಕ್ಷೆಗೆ ಒಡ್ಡುವುದು ಸಣ್ಣ ಮಾತಲ್ಲ. ಆ ಪ್ರಾಮಾಣಿಕತೆ ನನಗೆ ಬಹಳ ದೊಡ್ಡದೆನಿಸುತ್ತದೆ.

ಕಾರಣ ಊಹಿಸುವುದು ಕಷ್ಟವಲ್ಲ. ಡಿಸ್ಕ್‌ಗಳನ್ನು ಒಂದೇ ದಿನ ಒಂದೇ ಅಂಗಡಿಯಲ್ಲಿ ಕೊಳ್ಳುತ್ತೇವೆ. ಒಂದೇ ಪೆಟ್ಟಿಗೆಯ ಬಿಸಿ, ಒಂದೇ ಕರೆಂಟಿನ ಏರಿಳಿತ, ಒಂದೇ ಅಲುಗಾಟ ಎಲ್ಲಕ್ಕೂ ತಟ್ಟುತ್ತದೆ. ಇದರ ತುತ್ತತುದಿ 2019ರ ನವೆಂಬರಿನಲ್ಲಿ ಕಂಡಿತು. ಎಚ್‌ಪಿಇ ಕಂಪನಿ ತನ್ನ ಕೆಲವು ಎಸ್‌ಎಸ್‌ಡಿಗಳ ಬಗ್ಗೆ ಹೊರಡಿಸಿದ ಎಚ್ಚರಿಕೆಯ ಪ್ರಕಾರ, ಫರ್ಮ್‌ವೇರ್ ಬದಲಿಸದಿದ್ದರೆ ಅವು 32,768 ಗಂಟೆ, ಅಂದರೆ 3 ವರ್ಷ 270 ದಿನ 8 ಗಂಟೆ ಓಡಿದೊಡನೆ ಸಾಯುತ್ತವೆ; ಅವುಗಳೊಳಗಿನ ಡೇಟಾ ಮರಳಿ ಸಿಗುವುದಿಲ್ಲ. ಒಟ್ಟಿಗೆ ಚಾಲೂ ಮಾಡಿದ ಎಂಟು ಡಿಸ್ಕ್‌ಗಳಿಗೆ ಆ ಗಂಟೆ ಒಟ್ಟಿಗೇ ಬರುತ್ತದೆ. ಅಲ್ಲಿ ಯಾವ ಪ್ಯಾರಿಟಿ ತಾನೇ ಏನು ಮಾಡೀತು?

ಹಾಗೆಂದು ಉಲ್ಟಾ ಭಯವೂ ಬೇಡ. ಸಾಧಾರಣ ಡಿಸ್ಕ್‌ಗಳ ವಿವರಪತ್ರದಲ್ಲಿ 10ರ 14ನೇ ಘಾತದಷ್ಟು ಬಿಟ್ ಓದಿದರೆ ಒಂದು ಓದಲಾಗದ ತಪ್ಪು ಬರಬಹುದೆಂದು ಬರೆದಿರುತ್ತದೆ. ಅದು ಸುಮಾರು 12.5 ಟಿಬಿ. ಇದನ್ನೇ ಹಿಡಿದು "12 ಟಿಬಿಯ ರೇಡ್ 5 ರಿಬಿಲ್ಡ್ ಆಗುವುದೇ ಇಲ್ಲ" ಎನ್ನುವವರಿದ್ದಾರೆ. ಆ ಅಂಕಿ ಕಂಪನಿ ಹಾಕಿಕೊಂಡ ಮಿತಿ, ಅಳೆದ ಸರಾಸರಿಯಲ್ಲ. ಅಷ್ಟೇ ದೊಡ್ಡ ಕಟ್ಟುಗಳು ತಿಂಗಳಿಗೊಮ್ಮೆ ಪೂರ್ತಿ ಓದಿಸಿಕೊಂಡೂ ಸುಸ್ಥಿತಿಯಲ್ಲಿವೆ. ಡೆಬಿಯನ್ ಲಿನಕ್ಸ್‌ನಲ್ಲಿ ಪ್ರತಿ ತಿಂಗಳ ಮೊದಲ ಭಾನುವಾರ ಈ ತಪಾಸಣೆ ತಾನಾಗಿ ನಡೆಯುವ ವ್ಯವಸ್ಥೆಯಿದೆ. ನಿಧಾನ ಆಗುತ್ತದೆಂದು ಅದನ್ನು ನಿಲ್ಲಿಸಬೇಡಿ. ಮೂಲೆಯಲ್ಲಿ ಅಡಗಿದ ಹಾಳು ಜಾಗ ರಿಬಿಲ್ಡ್ ಹೊತ್ತಿಗೆ ಎದುರಾಗುವ ಬದಲು ಈಗಲೇ ಗೊತ್ತಾಗಲಿ. ದೊಡ್ಡ ಡಿಸ್ಕ್‌ಗಳಿಗೆ ನನ್ನ ಆಯ್ಕೆ ಎರಡು ಡಿಸ್ಕ್ ಹೋದರೂ ತಡೆಯುವ ರೇಡ್ 6. ಜೋಡಿ ಪ್ರತಿಗಳ ರೇಡ್ 10 ವೇಗದ್ದು, ಆದರೆ ನಾಲ್ಕು ಡಿಸ್ಕ್‌ಗಳಲ್ಲಿ ಯಾವುವೋ ಎರಡು ಕೆಟ್ಟರೆ, ಅವು ಒಂದೇ ಜೋಡಿಯಾಗಿರುವ ಸಂಭವ ಮೂರರಲ್ಲಿ ಒಂದು.

"ದುಬಾರಿ ಕಾರ್ಡ್ ಇದ್ದರೆ ಕರೆಂಟ್ ಹೋದರೂ ಚಿಂತೆಯಿಲ್ಲ"

ಡಿಸ್ಕ್‌ಗಳನ್ನು ನಿಭಾಯಿಸುವ ರೇಡ್ ಕಾರ್ಡಿನಲ್ಲಿ ಬ್ಯಾಟರಿ ಇದ್ದು, ಅದು ಜೀವಂತವಾಗಿದ್ದರೆ ಮಾತ್ರ. ಡೇಟಾ ಬರೆದು ಪ್ಯಾರಿಟಿ ಬರೆಯುವ ಮೊದಲೇ ಕರೆಂಟ್ ಹೋದರೆ ಎರಡಕ್ಕೂ ತಾಳೆ ತಪ್ಪುತ್ತದೆ, ಮುಂದೊಂದು ದಿನ ರಿಬಿಲ್ಡ್ ಆದಾಗ ತಪ್ಪು ಅಂಕಿ ಹುಟ್ಟುತ್ತದೆ. ಲೋಡ್ ಶೆಡ್ಡಿಂಗ್ ಇರುವ ಊರುಗಳಲ್ಲಿ ಯುಪಿಎಸ್ ಇಲ್ಲದ ರೇಡ್ 5 ಕಟ್ಟಲೇಬೇಡಿ. ಇನ್ನು ಕಾರ್ಡೇ ಸುಟ್ಟರೆ ಬಹುಮಟ್ಟಿಗೆ ಅದೇ ಕಂಪನಿಯ ಹೊಂದುವ ಕಾರ್ಡ್ ಹುಡುಕಬೇಕು. ಲಿನಕ್ಸ್ ಸಾಫ್ಟ್‌ವೇರ್ ರೇಡ್ ಆದರೆ ಡಿಸ್ಕ್‌ಗಳನ್ನು ಬೇರೊಂದು ಲಿನಕ್ಸ್ ಯಂತ್ರಕ್ಕೆ ಸಿಕ್ಕಿಸಿ ಓದಬಹುದು.

"ರೇಡ್ ಇದೆ, ಬ್ಯಾಕಪ್ ಯಾಕೆ?"

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡಿದ ನಂಬಿಕೆ ಇದು. ನೀವು ಒಂದು ಫೋಲ್ಡರ್ ಅಳಿಸಿದರೆ ಜೋಡಿ ಪ್ರತಿಯ ಮಿರರ್ ಡಿಸ್ಕ್ ಅದನ್ನು ಅದೇ ಕ್ಷಣ ನಿಷ್ಠೆಯಿಂದ ಅಳಿಸುತ್ತದೆ. ರ‍್ಯಾನ್ಸಮ್‌ವೇರ್ ಬೀಗ ಹಾಕಿದ ಫೈಲನ್ನೂ ಅಷ್ಟೇ ನಿಷ್ಠೆಯಿಂದ ಬರೆದುಕೊಳ್ಳುತ್ತದೆ. ಬೆಂಕಿ, ಕಳವು, ಸಿಡಿಲು ಬಂದರೆ ನಾಲ್ಕೂ ಡಿಸ್ಕ್ ಇರುವುದು ಒಂದೇ ಪೆಟ್ಟಿಗೆಯಲ್ಲಿ. ನಿನ್ನೆ ಈ ಫೈಲ್ ಹೇಗಿತ್ತು ಎಂಬ ಪ್ರಶ್ನೆಗೆ ರೇಡ್ ಬಳಿ ಉತ್ತರವಿಲ್ಲ.

ಬ್ಯಾಕಪ್ ಇದೆ ಎಂದುಕೊಂಡರಷ್ಟೇ ಸಾಲದು. 2017ರ ಜನವರಿ 31ರಂದು, ಪ್ರೋಗ್ರಾಮ್ ಕೋಡ್ ಇಟ್ಟುಕೊಡುವ ಗಿಟ್‌ಲ್ಯಾಬ್ ಸಂಸ್ಥೆಯ ಎಂಜಿನಿಯರ್ ಒಬ್ಬರು ಮೀಸಲು ಸರ್ವರ್ ಎಂದುಕೊಂಡು ಮುಖ್ಯ ಸರ್ವರಿನ ಡೇಟಾಬೇಸ್ ಅಳಿಸಲು ಆದೇಶ ಕೊಟ್ಟರು. ಕೈ ತಡೆಯುವಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ 4.5 ಜಿಬಿ ಉಳಿದಿತ್ತು. ನಿತ್ಯದ ಬ್ಯಾಕಪ್ ತೆರೆದು ನೋಡಿದರೆ ಅಲ್ಲಿ ಏನೂ ಇರಲಿಲ್ಲ: ಬ್ಯಾಕಪ್ ತೆಗೆಯುವ ತಂತ್ರಾಂಶದ ಆವೃತ್ತಿ ಡೇಟಾಬೇಸಿನ ಆವೃತ್ತಿಗೆ ಹೊಂದದೆ ಅದು ವಿಫಲವಾಗುತ್ತಿತ್ತು, ವಿಫಲವಾಯಿತೆಂದು ತಿಳಿಸುವ ಇಮೇಲ್‌ಗಳೂ ತಲುಪುತ್ತಿರಲಿಲ್ಲ. ಬೇರೆ ಕೆಲಸಕ್ಕೆಂದು ಸುಮಾರು ಆರು ಗಂಟೆ ಮೊದಲು ತೆಗೆದಿಟ್ಟಿದ್ದ ಒಂದು ಪ್ರತಿ ಅವರ ಮರ್ಯಾದೆ ಉಳಿಸಿತು. ಆ ಆರು ಗಂಟೆಗಳ ಬದಲಾವಣೆಗಳು ಮಾತ್ರ ಹೋದವು. ಏನೇನು ತಪ್ಪಿತೆಂದು ಸಂಸ್ಥೆ ಮುಚ್ಚುಮರೆಯಿಲ್ಲದೆ ಪ್ರಕಟಿಸಿದ್ದರಿಂದ ನಮಗೆ ಇಷ್ಟು ತಿಳಿದಿದೆ.

ಆದ್ದರಿಂದ ಬೇರೆ ಕಟ್ಟಡದಲ್ಲಿ ಒಂದು ಪ್ರತಿ ಇರಲಿ, ಬಳಸದಾಗ ಅದರ ವೈರ್ ಬಿಚ್ಚಿರಲಿ, ತಿಂಗಳಿಗೊಮ್ಮೆ ಅದರಿಂದ ಒಂದು ಹಳೆಯ ಫೈಲನ್ನು ನಿಜವಾಗಿ ತೆರೆದು ನೋಡಿ. ಹಾಗೆಯೇ ಈ ವಾರ ನಿಮ್ಮ ಸರ್ವರಿನಿಂದ ಒಂದು ಪರೀಕ್ಷಾ ಎಚ್ಚರಿಕೆಯ ಇಮೇಲ್ ಕಳಿಸಿ. ಅದು ನಿಮ್ಮನ್ನು ತಲುಪದಿದ್ದರೆ ಒಂದು ಡಿಸ್ಕ್ ಈಗಾಗಲೇ ಕೆಟ್ಟಿದ್ದು, ಯಾರಿಗೂ ಗೊತ್ತಾಗದೆ ಉಳಿದವು ಓಡುತ್ತಿರಬಹುದು.